ಸರ್ಕಾರದ ಕೆಲಸ ದೇವರ ಕೆಲಸ: ಕಲ್ಲಿನ ಮೇಲೆ ಈ ಮಾತು ಬಂದಿದ್ದು ಹೇಗೆ?

‘ಸರ್, ಸರ್ಕಾರಿ ಕೆಲಸ ದೇವರ ಕೆಲಸ ಅಂತ ವಿಧಾನಸೌಧದ ಮೇಲೆ ಬರೆದಿದ್ದಾರಲ್ಲ, ಅದು ಗಾದೆನಾ, ಕಾನೂನಾ?’ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಮೊದಲ ಸಲ ಓದಿದಾಗ ನಗು ಬರುತ್ತೆ. ಎರಡನೇ ಸಲ ಓದಿ ನೋಡಿ. ತಾಲ್ಲೂಕು ಕಚೇರಿಯಲ್ಲಿ ನಾಲ್ಕನೇ ಸಲ ‘ನಾಳೆ ಬಾ’ ಅನ್ನಿಸಿಕೊಂಡ ಮನುಷ್ಯನೇ ಕೇಳಬಹುದಾದ ಪ್ರಶ್ನೆ ಅಂತ ಅನ್ನಿಸುತ್ತೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಆ ಕಲ್ಲಿನ ಮೇಲಿರೋದು ‘ಸರ್ಕಾರಿ ಕೆಲಸ’ ಅಲ್ಲ, ‘ಸರ್ಕಾರದ ಕೆಲಸ ದೇವರ ಕೆಲಸ’. ಪಕ್ಕದಲ್ಲೇ ಇಂಗ್ಲಿಷ್‌ನಲ್ಲೂ ಅದೇ ಅರ್ಥದ ಸಾಲಿದೆ. ಒಂದೇ ಅಕ್ಷರದ ವ್ಯತ್ಯಾಸ ತಾನೆ, ಏನು ಮಹಾ ಅಂತೀರಾ? ಅಲ್ಲೇ ಇರೋದು ಇಡೀ ಕಥೆ. ಸರ್ಕಾರಿ ಕೆಲಸ ಅಂದ್ರೆ ನೌಕರಿ. ಸಂಬಳ, ಭತ್ಯೆ, ಪಿಂಚಣಿ, ಹೆಣ್ಣು ಕೊಡೋ ಮಾವ. ಸರ್ಕಾರದ ಕೆಲಸ ಅಂದ್ರೆ ಮಾಡಬೇಕಾದ ಕೆಲಸ. ರಸ್ತೆ, ಪಹಣಿ, ರೇಷನ್ ಕಾರ್ಡು, ವಿಧವಾ ವೇತನ. ಕಲ್ಲು ಹೇಳಿದ್ದು ಎರಡನೆಯದನ್ನ. ಜನ ನೆನಪಿಟ್ಟುಕೊಂಡಿದ್ದು ಮೊದಲನೆಯದನ್ನ.

ಹಾಗಾದ್ರೆ ಇದನ್ನು ಬರೆಸಿದ್ದು ಯಾರು? ಕೆಂಗಲ್ ಹನುಮಂತಯ್ಯ. ಆದರೆ ವಿಧಾನಸೌಧದ ಶಂಕುಸ್ಥಾಪನೆ ಆಗಿದ್ದು ಅವರ ಕಾಲದಲ್ಲಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1951ರ ಜುಲೈ 13ರಂದು ಪ್ರಧಾನಿ ನೆಹರೂ ಅಡಿಗಲ್ಲು ಇಟ್ಟಾಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸರಳವಾಗಿತ್ತು, ಸುಮ್ಮನೆ ಒಂದು ಕಚೇರಿ ಕಟ್ಟಡ. 1952ರ ಚುನಾವಣೆ ಮುಗಿದು ಹನುಮಂತಯ್ಯ ಮುಖ್ಯಮಂತ್ರಿ ಆದರು. ಹಳೇ ನಕ್ಷೆ ಪಕ್ಕಕ್ಕೆ ಹೋಯ್ತು.

ಯಾಕೆ? ಅದಕ್ಕೊಂದು ಪ್ರಸಂಗ ಇದೆ. ರಷ್ಯಾದ ಸಾಂಸ್ಕೃತಿಕ ನಿಯೋಗವೊಂದು ಬೆಂಗಳೂರಿಗೆ ಬಂದಿತ್ತಂತೆ. ಊರು ತೋರಿಸಿದಾಗ ಅವರು ನೋಡಿದ್ದೆಲ್ಲ ಬ್ರಿಟಿಷರ ಮಾದರಿಯ ಕಟ್ಟಡಗಳೇ. ನಿಮ್ಮದೇ ಅಂತ ವಾಸ್ತುಶಿಲ್ಪ ಇಲ್ಲವೇ ಅಂತ ಕೇಳಿಬಿಟ್ಟರು. ಹನುಮಂತಯ್ಯನವರಿಗೆ ಆ ಮಾತು ನಾಟಿತು. ನ್ಯಾಯವಾದ ಮಾತೇ ಆಗಿತ್ತು ಅನ್ನಿ. ಎದುರಿಗೇ ಇದ್ದದ್ದು ಅಠಾರ ಕಚೇರಿ, ಈಗಿನ ಹೈಕೋರ್ಟು. ಅಠಾರ ಅಂದ್ರೆ ಹದಿನೆಂಟು. ಹದಿನೆಂಟು ಇಲಾಖೆಗಳ ಕಚೇರಿ ಅಲ್ಲಿದ್ದವು ಅನ್ನೋದಕ್ಕೆ ಆ ಹೆಸರು. ಕಮಿಷನರ್ ಆಳ್ವಿಕೆಯ ಕಾಲದ್ದು, ಕೆಂಪು ಬಣ್ಣದ್ದು, ಪಕ್ಕಾ ಯುರೋಪಿಯನ್ ಕಂಬಗಳದ್ದು.

ನಾನು ಓದಿದ್ದು ಇಂಜಿನಿಯರಿಂಗ್. ಕಟ್ಟಡ ಕಂಡರೆ ಅಳತೆ ಕೇಳೋ ಚಟ ಇನ್ನೂ ಹೋಗಿಲ್ಲ. ಸುಮಾರು 700 ಅಡಿ ಉದ್ದ, 350 ಅಡಿ ಅಗಲ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಗ್ರಾನೈಟ್ ಕಂಬಗಳು. ಹತ್ತಬೇಕಾದ ಮೆಟ್ಟಿಲು 45, ಆ ಮೆಟ್ಟಿಲುಗಳ ಅಗಲವೇ 200 ಅಡಿಗಿಂತ ಹೆಚ್ಚು. ಮಧ್ಯದ ಗುಮ್ಮಟದ ವ್ಯಾಸ 60 ಅಡಿ, ನೆತ್ತಿಯ ಮೇಲೆ ನಾಲ್ಕು ಮುಖದ ಸಿಂಹ. ಸಂಪುಟ ಸಭೆಯ ಕೊಠಡಿಗೆ ಶ್ರೀಗಂಧದ ಕೆತ್ತನೆಯ ಬಾಗಿಲು. ಇಷ್ಟನ್ನೂ ಕೆಲಸಕ್ಕೆ ಇಳಿಸಿದ ಇಂಜಿನಿಯರ್ ಬಿ.ಆರ್. ಮಾಣಿಕ್ಯಂ. ಅವರ ಹೆಸರು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ ನನಗೆ.

ಇನ್ನೊಂದು ವಿಷಯ. ಈ ಕಟ್ಟಡಕ್ಕೆ ಸುಮಾರು ಐದು ಸಾವಿರ ಜನ ದುಡಿದರು. ಕಲ್ಲು ಕುಟಿಗರು, ಬಡಗಿಗಳು, ಕೆತ್ತನೆಯವರು ಬೇರೆ. ಆ ಕೂಲಿಗಳಲ್ಲಿ ಜೈಲಿನ ಕೈದಿಗಳೂ ಇದ್ದರು. ಆಗ ಸೆಂಟ್ರಲ್ ಜೈಲು ಇದ್ದದ್ದು ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿ, ಅಂದ್ರೆ ಕೂಗಳತೆ ದೂರ. ಕಾನೂನು ಮುರಿದು ಒಳಗೆ ಹೋದವರು ಕಾನೂನು ಮಾಡೋ ಮನೆಗೆ ಕಲ್ಲು ಹೊತ್ತರು! ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಿದರು. ದೇವರ ಕೆಲಸ ಅನ್ನೋ ಮಾತಿಗೆ ಆ ಕಟ್ಟಡದ ಇತಿಹಾಸದಲ್ಲಿ ಯಾರಾದರೂ ತಕ್ಕ ಪ್ರಸಾದ ಪಡೆದಿದ್ದರೆ, ಬಹುಶಃ ಅವರೇ.

ಹನುಮಂತಯ್ಯನವರಿಗೆ ಸಿಕ್ಕ ಪ್ರಸಾದ ಬೇರೆ. ಖರ್ಚು ಒಂದೂ ಮುಕ್ಕಾಲು ಕೋಟಿ ರೂಪಾಯಿ ಆಸುಪಾಸು ಆಯ್ತು. ಇವತ್ತು ಬೆಂಗಳೂರಿನ ಎಷ್ಟೋ ಫ್ಲಾಟಿಗೆ ಅಷ್ಟು ಬೆಲೆ ಇದೆ, ಆದರೆ ಆ ಕಾಲಕ್ಕೆ ಅದು ದೊಡ್ಡ ಗದ್ದಲ. ದುಂದುವೆಚ್ಚ ಅಂದರು. ಸ್ವಂತ ಪಕ್ಷದವರೇ ತಿರುಗಿಬಿದ್ದರು. 1956ರ ಆಗಸ್ಟ್‌ನಲ್ಲಿ ಅವರು ಕುರ್ಚಿ ಬಿಟ್ಟರು. ಸೌಧ ಪೂರ್ತಿಯಾಗಿದ್ದು ಅದೇ 1956ರಲ್ಲಿ. ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾದಾಗ ಆ ಸೌಧದಿಂದ ಆಳಿದ್ದು ಎಸ್. ನಿಜಲಿಂಗಪ್ಪ. ಮನೆ ಕಟ್ಟಿಸಿದವನಿಗೆ ಗೃಹಪ್ರವೇಶದ ಊಟ ಇಲ್ಲ ಅಂದಂಗಾಯ್ತು.

ಆ ಸಾಲಿನ ಮೇಲೂ ಕಣ್ಣು ಬಿತ್ತು. 1957ರಲ್ಲಿ ಅದನ್ನು ತೆಗೆದು ‘ಸತ್ಯಮೇವ ಜಯತೇ’ ಬರೆಸೋಣ ಅಂತ ಸರ್ಕಾರವೇ ಯೋಚಿಸಿತ್ತು. ಆಗಲಿಲ್ಲ. ಕಲ್ಲು ಉಳೀತು, ಸಾಲೂ ಉಳೀತು.

ಇಲ್ಲಿ ಎರಡನೇ ಪ್ರಶ್ನೆ ಏಳುತ್ತೆ. ಜಾತ್ಯತೀತ ದೇಶದ ಸರ್ಕಾರಿ ಕಟ್ಟಡದ ಮೇಲೆ ದೇವರು ಯಾಕೆ? ಇದು ಇವತ್ತಿನ ಟಿವಿ ಡಿಬೇಟಿನ ಪ್ರಶ್ನೆ ಅಂದುಕೊಳ್ಳಬೇಡಿ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಒಂದು ತಿದ್ದುಪಡಿ ತಂದರು. ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಅಂತ. ದೇವರನ್ನು ಮತಕ್ಕೆ ಹಾಕಬೇಡಿ ಅಂತ ಕೆಲವರು ಬೇಡಿಕೊಂಡರು. ಕಾಮತ್ ಬಿಡಲಿಲ್ಲ. ಮತ ಎಣಿಸಿದರು. ಪರವಾಗಿ 41, ವಿರುದ್ಧ 68. ದೇವರಿಗೆ ಸೋಲು! ಹಾಗಂತ ಸಂವಿಧಾನ ದೇವರನ್ನು ಪೂರ್ತಿ ಹೊರಗೂ ಇಡಲಿಲ್ಲ. ಪ್ರಮಾಣವಚನದ ಹೊತ್ತಲ್ಲಿ ಮಂತ್ರಿಗಳನ್ನು ಗಮನಿಸಿ. ದೇವರ ಹೆಸರಲ್ಲಾದರೂ ಹೇಳಬಹುದು, ಆತ್ಮಸಾಕ್ಷಿಯಾಗಿ ದೃಢೀಕರಿಸಿಯಾದರೂ ಹೇಳಬಹುದು. ಆಯ್ಕೆ ಅವರದು. ಹನುಮಂತಯ್ಯನವರೂ ಆ ಸಂವಿಧಾನ ಸಭೆಯ ಸದಸ್ಯರೇ. ಪೀಠಿಕೆಯಲ್ಲಿ ಜಾಗ ಸಿಗದ ದೇವರು ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಕಲ್ಲಿನ ಮೇಲೆ ಜಾಗ ಹಿಡಿದ.

ಯಾವ ದೇವರು? ಅದನ್ನು ಕಲ್ಲು ಹೇಳೋದಿಲ್ಲ. ಕಾಯಕದಲ್ಲೇ ಕೈಲಾಸ ಕಂಡ ನಾಡು ಇದು, ಹೇಳೋ ಅಗತ್ಯವೂ ಇರಲಿಲ್ಲ ಅನ್ನಿಸುತ್ತೆ.

ಈಗ ಕಥೆ ಅಮೆರಿಕಕ್ಕೆ ಹಾರುತ್ತೆ. 1996ರಲ್ಲಿ ಒಹಾಯೊ ರಾಜ್ಯದ ಗವರ್ನರ್ ಜಾರ್ಜ್ ವಾಯ್ನೊವಿಚ್ ಭಾರತಕ್ಕೆ ಬಂದಿದ್ದರು. ವಿಧಾನಸೌಧದ ಮುಂದೆ ಆ ಇಂಗ್ಲಿಷ್ ಸಾಲು ಓದಿದರು. ಮನಸ್ಸಿಗೆ ಹಿಡಿಸಿಬಿಡ್ತು. ಅವರ ರಾಜ್ಯಕ್ಕೂ ಒಂದು ಧ್ಯೇಯವಾಕ್ಯ ಇತ್ತು, ದೇವರಿದ್ದರೆ ಎಲ್ಲವೂ ಸಾಧ್ಯ ಅನ್ನೋ ಅರ್ಥದ್ದು, 1959ರಲ್ಲಿ ಒಪ್ಪಿಕೊಂಡಿದ್ದು. ಊರಿಗೆ ಹೋದವರೇ ಅದನ್ನು ಕೊಲಂಬಸ್‌ನ ಶಾಸನಸಭೆಯ ಆವರಣದಲ್ಲಿ ಕೆತ್ತಿಸೋಕೆ ಮುಂದಾದರು. 1997ರಲ್ಲಿ ಕೇಸು ಬಿತ್ತು. ಮಾತು ಬೈಬಲ್‌ನದ್ದು, ಸರ್ಕಾರಕ್ಕೆ ಧರ್ಮ ಅಂಟಿಸಬಾರದು ಅನ್ನೋದು ವಾದ. 2000ದಲ್ಲಿ ಮೂವರು ನ್ಯಾಯಾಧೀಶರ ಪೀಠ ಇದು ಸಂವಿಧಾನಬಾಹಿರ ಅಂತು. 2001ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ 9–4ರಲ್ಲಿ ತೀರ್ಪು ತಿರುಗಿಸಿ, ಇರಲಿ ಬಿಡಿ ಅಂತು. ರಾಮನಗರದ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ಮನುಷ್ಯ ಕಲ್ಲಲ್ಲಿ ಬರೆಸಿದ ಒಂದು ಸಾಲು ಅಮೆರಿಕದಲ್ಲಿ ನಾಲ್ಕು ವರ್ಷ ಲಾಯರುಗಳಿಗೆ ಕೆಲಸ ಕೊಟ್ಟಿತು ಅಂದ್ರೆ ನಂಬ್ತೀರಾ?

ವಾಪಸ್ ಊರಿಗೆ ಬರೋಣ. ‘ಸರ್ಕಾರ’ ಅನ್ನೋದು ಪರ್ಷಿಯನ್ ಮಾತು. ‘ಸರ್’ ಅಂದ್ರೆ ತಲೆ, ‘ಕಾರ್’ ಅಂದ್ರೆ ಕೆಲಸ. ಕೆಲಸಕ್ಕೆ ತಲೆಯಾಗಿ ನಿಂತವನೇ ಸರ್ಕಾರ. ನಮ್ಮ ಕಚೇರಿಯ ಪದಗಳನ್ನೇ ನೋಡಿ: ಅರ್ಜಿ, ವಕೀಲ, ಜಮೀನು, ತಹಶೀಲ್ದಾರ್, ಶಿರಸ್ತೇದಾರ್, ಗುಮಾಸ್ತ, ಫಿರ್ಯಾದಿ. ಎಲ್ಲವೂ ಪರ್ಷಿಯನ್, ಅರಬ್ಬಿ ಕಡೆಯಿಂದ ಬಂದವು. ರಾಜ ಬದಲಾದ, ಕಂಪನಿ ಬಂತು, ಕಮಿಷನರ್ ಬಂದ, ಸ್ವಾತಂತ್ರ್ಯ ಬಂತು. ಅರ್ಜಿ ಮಾತ್ರ ಅರ್ಜಿಯಾಗೇ ಉಳೀತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆಯನ್ನು ನಮ್ಮ ಹಿರಿಯರು ಗುಡಿ ನೋಡಿ ಮಾಡಿದರೋ, ಕಚೇರಿ ನೋಡಿ ಮಾಡಿದರೋ!

ಪೂಜಾರಿ ಆಗೋಕೂ ಸಾಲು ಉದ್ದ ಇದೆ. ರಾಜ್ಯದ ಲೋಕಸೇವಾ ಆಯೋಗ ಶುರುವಾಗಿದ್ದು 1951ರ ಮೇ 18ಕ್ಕೆ, ವಿಧಾನಸೌಧದ ಅಡಿಗಲ್ಲಿಗಿಂತ ಎರಡು ತಿಂಗಳು ಮೊದಲು. ಶಿಫಾರಸು ಬೇಡ, ಪರೀಕ್ಷೆ ಸಾಕು ಅನ್ನೋ ಆಸೆ ಅದರ ಹಿಂದಿತ್ತು. ಆಸೆಗೆ ಏನಾಯ್ತು ಅಂತ ಸುದ್ದಿ ನೋಡೋ ನಿಮಗೆ ನಾನು ಹೇಳಬೇಕಾಗಿಲ್ಲ. 2011ರ ಗೆಜೆಟೆಡ್ ಪ್ರೊಬೇಷನರಿ 362 ಹುದ್ದೆಗಳ ಪಟ್ಟಿಯನ್ನು ಸರ್ಕಾರ 2014ರಲ್ಲಿ ರದ್ದು ಮಾಡಿತು. ಕೋರ್ಟು ಕಚೇರಿ ಎಲ್ಲ ಸುತ್ತಿ ಕೊನೆಗೆ 2022ರಲ್ಲಿ ಕಾನೂನು ಮಾಡಿ ಅವರನ್ನು ಒಳಗೆ ಸೇರಿಸಿಕೊಳ್ಳೋ ದಾರಿ ಹುಡುಕಬೇಕಾಯ್ತು. ಅದೇ 2022ರ ಏಪ್ರಿಲ್‌ನಲ್ಲಿ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಪರೀಕ್ಷೆ ರದ್ದಾಯ್ತು. ಹಿರಿಯ ಐಪಿಎಸ್ ಅಧಿಕಾರಿಯೊಬ್ಬರೂ ಬಂಧನಕ್ಕೆ ಒಳಗಾದರು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಲೆಕ್ಕ ಹಾಕಿ. 2021ರಲ್ಲಿ ನಿಯತ್ತಾಗಿ ಓದಿ, ಬರೆದು, ಪಾಸಾದ ಹುಡುಗ ಎರಡು ವರ್ಷಕ್ಕೂ ಹೆಚ್ಚು ಕಾಲ ಏನು ಮಾಡಿದ? ವಿಜಯನಗರದ ಪಿಜಿ ರೂಮಿನ ಬಾಡಿಗೆ ಕಟ್ಟಿದ. ಮನೆಯಿಂದ ಫೋನ್ ಬಂದರೆ ತೆಗೆಯದೇ ಕೂತ. ಕದ್ದವನ ಶಿಕ್ಷೆ ಕೋರ್ಟು ತೀರ್ಮಾನಿಸುತ್ತೆ. ಕದಿಯದವನಿಗೆ ಶಿಕ್ಷೆ ಆಗಲೇ ಆಗಿಹೋಗಿದೆ.

ಇನ್ನು ಕಾನೂನಿನ ಭಾಗ. ನೇರವಾಗಿ ಹೇಳಬೇಕು ಅಂದ್ರೆ, ಕಲ್ಲಿನ ಮೇಲಿನ ಸಾಲಿಗೆ ಕಾನೂನಿನ ಬಲ ಇಲ್ಲ. ಅದನ್ನು ತೋರಿಸಿ ಯಾರ ಮೇಲೂ ಕೇಸು ಹಾಕೋಕೆ ಆಗಲ್ಲ. ಆದರೆ ಕಚೇರಿಗಳಲ್ಲಿ ಇನ್ನೆರಡು ಬೋರ್ಡು ನೋಡಿರ್ತೀರಿ, ಅವಕ್ಕೆ ಬಲ ಇದೆ. ಒಂದು, ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಿದರೆ ಶಿಕ್ಷೆ ಅನ್ನೋದು. ಹಿಂದೆ ಐಪಿಸಿ ಸೆಕ್ಷನ್ 353, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 132. ಎರಡು ವರ್ಷದವರೆಗೆ ಜೈಲು. ಆದರೆ ಗಮನಿಸಿ: ಹಲ್ಲೆ ಅಥವಾ ಬಲಪ್ರಯೋಗ ಇದ್ದರೆ ಮಾತ್ರ ಆ ಸೆಕ್ಷನ್ ಬರುತ್ತೆ. ‘ನನ್ನ ಫೈಲ್ ಎಲ್ಲಿದೆ ಸ್ವಾಮಿ’ ಅಂತ ಕೇಳಿದರೆ ಬರಲ್ಲ. ಬೋರ್ಡು ಓದಿ ಹೆದರಿ ಪ್ರಶ್ನೆಯನ್ನೇ ನುಂಗಿಕೊಳ್ಳೋ ಜನ ನಮ್ಮಲ್ಲಿ ಜಾಸ್ತಿ.

ಎರಡನೆಯದು ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ಜಾರಿ. 11 ಇಲಾಖೆಗಳ 151 ಸೇವೆಗಳಿಂದ ಶುರುವಾಯ್ತು, ಆಮೇಲೆ ಬೆಳೀತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರ್ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅದು ತಪ್ಪು ಮಾಡಿದ ನೌಕರನಿಂದಲೇ ವಸೂಲಾಗಬೇಕು. ದಿನಕ್ಕೆ ಇಪ್ಪತ್ತು ರೂಪಾಯಿ! ಹಳ್ಳಿಯಿಂದ ತಾಲ್ಲೂಕಿಗೆ ಬಂದು ಹೋಗೋಕೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತೆ, ಕೂಲಿ ಕಳ್ಕೊಂಡಿದ್ದು ಬೇರೆ. ಆದರೂ ನಾನು ಅದನ್ನು ಕಡೆಗಣಿಸಲ್ಲ. ವಿಳಂಬಕ್ಕೆ ಬೆಲೆ ಇದೆ ಅಂತ ಸರ್ಕಾರವೇ ಬರೆದುಕೊಟ್ಟ ಕಾಗದ ಅದು. ಆ 15 ಅಂಕಿಯ ಚೀಟಿ ಕೇಳದೇ ಕೌಂಟರ್ ಬಿಟ್ಟು ಬರಬೇಡಿ ಅಂತ ಎಷ್ಟು ಎಪಿಸೋಡಿನಲ್ಲಿ ಹೇಳಿದೀನೋ ಲೆಕ್ಕವಿಲ್ಲ.

ಇಷ್ಟಕ್ಕೂ ಸಾಲು ಬರೆಸಿದ ಹನುಮಂತಯ್ಯ ಅಲ್ಲಿಗೇ ಸುಮ್ಮನಾದರಾ? ಇಲ್ಲ. 1966ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆಡಳಿತ ಸುಧಾರಣಾ ಆಯೋಗ ಮಾಡಿತು. ಅಧ್ಯಕ್ಷರು ಮೊರಾರ್ಜಿ ದೇಸಾಯಿ, ಸದಸ್ಯರಲ್ಲಿ ನಮ್ಮ ಹನುಮಂತಯ್ಯ. ಅದೇ ವರ್ಷ ಆಯೋಗ ಕೊಟ್ಟ ಮಧ್ಯಂತರ ವರದಿಯಲ್ಲೇ ಲೋಕಪಾಲ, ಲೋಕಾಯುಕ್ತ ಅನ್ನೋ ಎರಡು ಹುದ್ದೆಗಳ ಶಿಫಾರಸು ಇತ್ತು. 1967ರಲ್ಲಿ ಮೊರಾರ್ಜಿ ಉಪಪ್ರಧಾನಿ ಆದಾಗ ಹನುಮಂತಯ್ಯನವರೇ ಅಧ್ಯಕ್ಷರಾದರು. ಒಟ್ಟು 20 ವರದಿ ಕೊಟ್ಟರು. ಅಂದ್ರೆ, ದೇವರ ಕೆಲಸ ಅಂತ ಬರೆಸಿದ ಮನುಷ್ಯನಿಗೆ ಬರೀ ಬರೆಸಿದರೆ ಸಾಲದು, ಕಾವಲುಗಾರ ಬೇಕು ಅನ್ನೋದು ಗೊತ್ತಿತ್ತು.

ಕೇಂದ್ರದಲ್ಲಿ ಮೊದಲ ಮಸೂದೆ ಬಂದಿದ್ದು 1968. ಕಾನೂನಾಗಿದ್ದು 2013. ಮೊದಲ ಲೋಕಪಾಲರ ನೇಮಕ 2019. ಅರ್ಧ ಶತಮಾನ! ಕರ್ನಾಟಕ ಅಷ್ಟು ಕಾಯಿಸಲಿಲ್ಲ. ರಾಮಕೃಷ್ಣ ಹೆಗಡೆ ಕಾಲದಲ್ಲಿ, 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು, 1986ರಲ್ಲಿ ಕೆಲಸ ಶುರುವಾಯ್ತು. 2016ರಲ್ಲಿ ಎಸಿಬಿ ಅಂತ ಬೇರೆ ಪಡೆ ಕಟ್ಟಿ ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನೇ ರದ್ದು ಮಾಡಿ ಹಲ್ಲು ವಾಪಸ್ ಕೊಡಿಸಿತು. ಆ ತೀರ್ಪು ಬಂದಿದ್ದು ಅದೇ ಅಠಾರ ಕಚೇರಿಯ ಕೆಂಪು ಕಟ್ಟಡದಿಂದ.

ಲೋಕಾಯುಕ್ತ ಕಚೇರಿ ಇರೋದು ಎಂ.ಎಸ್. ಬಿಲ್ಡಿಂಗ್‌ನಲ್ಲಿ, ವಿಧಾನಸೌಧದ ಪಕ್ಕ, ಅದೇ ಅಂಬೇಡ್ಕರ್ ವೀಧಿಯಲ್ಲಿ. ದೂರು ಕೊಡೋಕೆ ವಕೀಲರು ಬೇಕಿಲ್ಲ. ನಿಗದಿತ ನಮೂನೆ ಇದೆ, ಜೊತೆಗೆ ಅಫಿಡವಿಟ್ ಲಗತ್ತಿಸಬೇಕು. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಶಿಕ್ಷೆಯೂ ಇದೆ, ಅದನ್ನೂ ಓದಿಕೊಂಡೇ ಸಹಿ ಹಾಕಿ.