ಗಿಣ್ಣಿನಲ್ಲಿದ್ದ ಕೆಂಪು ಪ್ರೊಟೀನು

ಬನಶಂಕರಿ ಎರಡನೇ ಹಂತದ ನಮ್ಮ ಮನೆಗೆ ಹಾಲು ಹಾಕುತ್ತಿದ್ದವರು, ಹಸು ಈದಾಗಲೆಲ್ಲ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣುಹಾಲು ತಂದುಕೊಡ್ತಿದ್ದರು. ಅಜ್ಜಿ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸೋರು. ಹೆಪ್ಪು ಹಾಕಿಲ್ಲ, ಹಿಟ್ಟು ಬೆರೆಸಿಲ್ಲ, ಆದರೂ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಯಾಕಜ್ಜಿ ಹೀಗೆ ಅಂದರೆ, "ಗಿಣ್ಣು ಗಿಣ್ಣಾಗದೆ ಇನ್ನೇನಾಗತ್ತೋ" ಅನ್ನೋರು.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಲ್ಯಾಬಿನಲ್ಲಿ. ಗಿಣ್ಣುಹಾಲಿನ ತುಂಬಾ ಆಂಟಿಬಾಡಿಗಳಿರುತ್ತವೆ, ಅಂದರೆ ಕರುವಿಗೆ ತಾಯಿ ಕಟ್ಟಿಕೊಡುವ ರೋಗನಿರೋಧಕ ಬುತ್ತಿ. ಬಿಸಿಗೆ ಹೆಪ್ಪುಗಟ್ಟಿ ಗಿಣ್ಣನ್ನು ನಿಲ್ಲಿಸೋದು ಮುಖ್ಯವಾಗಿ ಅವೇ. ಅದೇ ಬುತ್ತಿಯಲ್ಲಿ ಇನ್ನೊಂದು ಪ್ರೊಟೀನೂ ಇದೆ. ಅದರ ಹೆಸರು ಲ್ಯಾಕ್ಟೊಫೆರಿನ್. ಈ ಎರಡನೆಯದನ್ನು ಹುಡುಕೋಕೆ ವಿಜ್ಞಾನಿಗಳು ಮೊದಲನೆಯದನ್ನೇ ಬಳಸಿದ ಕತೆ ಇದು. ಅದರಲ್ಲಿ ನಾನು ಎಡವಿದ್ದೂ ಸೇರಿದೆ.

ಹಾಲಿನ ಶಾಸ್ತ್ರಕ್ಕೂ ನಮ್ಮ ದಕ್ಷಿಣ ಬೆಂಗಳೂರಿಗೂ ಹಳೇ ನಂಟು. ಡೇರಿ ಸರ್ಕಲ್ ದಾಟಿ ಆಡುಗೋಡಿ ಕಡೆ ಹೋದರೆ ಸಿಗುವ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆ 1923ರಲ್ಲಿ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಆಗಿ ಶುರುವಾದದ್ದು. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ಹಸು ಸಾಕುವ ಕ್ರಮ ಕಲಿತರು. 1955ರಲ್ಲಿ ಕೇಂದ್ರ ಕಚೇರಿ ಕರ್ನಾಲಿಗೆ ಹೋಯಿತು, ದಕ್ಷಿಣದ ಶಾಖೆ ಇಲ್ಲೇ ಉಳಿಯಿತು. ಅತ್ತ ಐಐಎಸ್‌ಸಿಯಲ್ಲಿ 1930ರ ದಶಕದಲ್ಲೇ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಹಾಲು ಮತ್ತು ಬೇಳೆಕಾಳುಗಳ ಪ್ರೊಟೀನುಗಳ ಮೇಲೆ ಕೆಲಸ ಮಾಡಿದ್ದರು. ಆಗಿನ ಕ್ರಮ ಅಂದರೆ ಆಮ್ಲ ಹಾಕು, ಉಪ್ಪು ಹಾಕು, ಇಳಿದದ್ದನ್ನು ಬೇರೆ ಮಾಡು. ಹೇರಳವಾಗಿರೋದು ಹಾಗೆ ಸಿಗುತ್ತದೆ. ಚೂರುಪಾರು ಇರೋದನ್ನು ಹಿಡಿಯೋದು ಕಷ್ಟ.

1939ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ ಎಂ. ಮತ್ತು ಎಸ್.ಪಿ.ಎಲ್. ಸೋರೆನ್‌ಸೆನ್ ಹಸುವಿನ ಹಾಲಿನಲ್ಲಿ ಒಂದು ಕೆಂಪು ಪ್ರೊಟೀನು ಕಂಡರು. ಎಸ್.ಪಿ.ಎಲ್. ಅಂದರೆ 1909ರಲ್ಲಿ ಪಿಎಚ್ ಅಳತೆ ಕೊಟ್ಟವರೇ. ಬೆಳ್ಳಗಿನ ಹಾಲಿನಲ್ಲಿ ಕೆಂಪು ಎಲ್ಲಿಂದ? ಅದು ಕಬ್ಬಿಣದ ಬಣ್ಣ. ಆದರೆ ಪ್ರೊಟೀನು ಶುದ್ಧವಾಗಿ ಕೈಗೆ ಸಿಗೋಕೆ 1960 ಬರಬೇಕಾಯಿತು. ಆ ವರ್ಷ ಸ್ವೀಡನ್, ಫ್ರಾನ್ಸ್, ಅಮೆರಿಕ ಮೂರೂ ಕಡೆ ಬೇರೆ ಬೇರೆ ತಂಡಗಳು ಅದನ್ನು ಬೇರ್ಪಡಿಸಿದವು.

ಕಬ್ಬಿಣ ಹಿಡಿದುಕೊಂಡು ಅದು ಮಾಡೋದೇನು? ಸುಳಿವು ಮೊಟ್ಟೆಯಲ್ಲಿ ಮೊದಲೇ ಸಿಕ್ಕಿತ್ತು. ಹಸಿ ಮೊಟ್ಟೆಯ ಬಿಳಿಭಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ, ಕಬ್ಬಿಣ ಬೆರೆಸಿದರೆ ಬೆಳೆಯುತ್ತವೆ ಅಂತ 1944ರಲ್ಲೇ ಶೇಡ್ ಮತ್ತು ಕ್ಯಾರೊಲಿನ್ ತೋರಿಸಿದ್ದರು. ಕ್ರಿಮಿಗೂ ಬದುಕೋಕೆ ಕಬ್ಬಿಣ ಬೇಕು. ಅದನ್ನು ಮೊದಲೇ ಎತ್ತಿಟ್ಟುಬಿಟ್ಟರೆ ಕ್ರಿಮಿ ಉಪವಾಸ. ಲ್ಯಾಕ್ಟೊಫೆರಿನ್ನಿನ ಒಂದೊಂದು ಅಣುವೂ ಎರಡು ಕಬ್ಬಿಣದ ಅಯಾನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ತೊಡಕು ಇದ್ದದ್ದು ಗುರುತು ಹಿಡಿಯೋದರಲ್ಲಿ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಅಂತ ಇದರ ದಾಯಾದಿ ಇದೆ. ತೂಕ ಹೆಚ್ಚುಕಮ್ಮಿ ಅಷ್ಟೇ, ಬಣ್ಣ ಅದೇ ಥರ, ಕಬ್ಬಿಣವನ್ನೂ ಹಿಡಿಯುತ್ತದೆ. ಕಣ್ಣೀರಿನಲ್ಲಿರೋದು ಇದೋ ಅದೋ ಅಂತ ಹೇಳೋದು ಹೇಗೆ? ಇಲ್ಲಿ ಬೆಲ್ಜಿಯಂನ ಲೂವೆನ್ನಿನಲ್ಲಿ ಮ್ಯಾಸನ್, ಹೆರೆಮಾನ್ಸ್ ಮತ್ತವರ ಜೊತೆಗಾರರಿಗೆ ನೆರವಾದದ್ದು ಆಂಟಿಬಾಡಿ. ಒಂದು ಪ್ರಾಣಿಗೆ ಇನ್ನೊಂದರ ಪ್ರೊಟೀನು ಚುಚ್ಚಿದರೆ, ಅದರ ಮೈ ಆ ಪ್ರೊಟೀನನ್ನೇ ಗುರುತಿಸಿ ಕಚ್ಚಿಕೊಳ್ಳುವ ಆಂಟಿಬಾಡಿ ತಯಾರಿಸುತ್ತದೆ. ಅದನ್ನು ರಕ್ತದಿಂದ ತೆಗೆದು ಬೇಕಾದ ಕಡೆ ಬಿಟ್ಟರೆ ತನ್ನ ಆಸಾಮಿಯನ್ನು ಹುಡುಕಿ ಹಿಡಿಯುತ್ತದೆ. 1966ರಲ್ಲಿ ಈ ತಂಡ, ಹಾಲಿನ ಈ ಪ್ರೊಟೀನು ದೇಹದ ಬೇರೆ ಹಲವು ಸ್ರಾವಗಳಲ್ಲೂ ಇದೆ ಅಂದಿತು. 1969ರಲ್ಲಿ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ, ನ್ಯೂಟ್ರೊಫಿಲ್ ಅನ್ನುವ ಬಿಳಿ ರಕ್ತಕಣಗಳಲ್ಲೂ ಅದನ್ನು ತೋರಿಸಿತು. ಹಾಲಿನ ಪ್ರೊಟೀನು ಅಂದುಕೊಂಡಿದ್ದದ್ದು ರೋಗದ ವಿರುದ್ಧ ಕಾದಾಡುವ ಕಣದ ಬತ್ತಳಿಕೆಯಲ್ಲೂ ಇತ್ತು!

ಮುಂದೆ 1992ರಲ್ಲಿ ಅಮೆರಿಕದಲ್ಲಿ ಗೆರಂಟ್ ತಂಡ ಇದನ್ನು ರೋಗಿಯ ಮಲದಲ್ಲಿ ಹುಡುಕಿತು. ಕರುಳಿನಲ್ಲಿ ಉರಿಯೂತ ಇದ್ದರೆ ಅಲ್ಲಿಗೆ ನ್ಯೂಟ್ರೊಫಿಲ್‌ಗಳು ಧಾವಿಸುತ್ತವೆ. ಅವು ಒಡೆದುಹೋದರೂ ಲ್ಯಾಕ್ಟೊಫೆರಿನ್ ಉಳಿಯುತ್ತದೆ. ಕರುಳಿನ ಒಳಗೆ ಟ್ಯೂಬ್ ಇಳಿಸುವ ಮೊದಲೇ ವೈದ್ಯರಿಗೆ ಒಂದು ಅಂದಾಜು ಸಿಗುತ್ತದೆ.

ನನ್ನ ಪಾಲಿಗೆ ಬಂದ ಕೆಲಸವೂ ಅಂಥದ್ದೇ. 1971ರಲ್ಲಿ ಬಂದ ಎಲೈಸಾ ವಿಧಾನ: ಪ್ಲಾಸ್ಟಿಕ್ ಪ್ಲೇಟಿನಲ್ಲಿ 96 ಗುಳಿ, ಪ್ರೊಟೀನು ಇದ್ದ ಕಡೆ ಆಂಟಿಬಾಡಿ ಕೂತು ಬಣ್ಣ ಬರುತ್ತದೆ. ಆಂಟಿಬಾಡಿ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳದಿರಲಿ ಅಂತ ಖಾಲಿ ಜಾಗವನ್ನೆಲ್ಲ ಬೇರೆ ಯಾವುದಾದರೂ ಪ್ರೊಟೀನಿನಿಂದ ಮುಚ್ಚಬೇಕು. ಅದಕ್ಕೆ ಎಲ್ಲರೂ ಬಳಸುವ ಅಗ್ಗದ ಸಾಮಾನು ಕೆನೆ ತೆಗೆದ ಹಾಲಿನ ಪುಡಿ. ನಾನೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಪ್ಯಾಕೆಟ್ ಕೊಂಡೆ. ಪ್ಲೇಟ್ ಉಳಿಸೋ ಆಸೆಗೆ, ಸ್ಯಾಂಪಲ್ಲೇ ಹಾಕದ ಖಾಲಿ ಗುಳಿಗಳನ್ನು ಬಿಡಲಿಲ್ಲ. ಎಲ್ಲ ರೋಗಿಗಳದ್ದೂ ಚೆನ್ನಾಗಿ ಹಳದಿ ಬಂತು. ಗೈಡ್ ಖುಷಿಯಾದರು, ಅಂಕಿಗಳು ವರದಿಯ ಕರಡಿಗೂ ಸೇರಿದವು.

ಮೂರನೇ ಸಲ ಯಾಕೋ ನಾಲ್ಕು ಗುಳಿ ಖಾಲಿ ಬಿಟ್ಟೆ. ಅವೂ ಹಳದಿಯಾದವು. ಎದೆ ಧಸಕ್ಕೆಂದಿತು.

ತಪ್ಪು ಎಷ್ಟು ಸರಳ ನೋಡಿ. ನಾನು ಹುಡುಕುತ್ತಿದ್ದದ್ದು ಮನುಷ್ಯರ ಲ್ಯಾಕ್ಟೊಫೆರಿನ್. ಮೆತ್ತಿದ್ದು ಹಸುವಿನ ಹಾಲು, ಅದರಲ್ಲೂ ಲ್ಯಾಕ್ಟೊಫೆರಿನ್ ಇದೆ. ಎರಡರ ಅಮೈನೊ ಆಮ್ಲಗಳ ಸರಣಿ ಸುಮಾರು 70 ಪಾಲು ಒಂದೇ. ನನ್ನ ಆಂಟಿಬಾಡಿ ಎರಡನ್ನೂ ಹಿಡಿಯುತ್ತಿತ್ತು. ಅದಕ್ಕೆ ಹೆಸರು ಗೊತ್ತಿಲ್ಲ, ಆಕಾರ ಮಾತ್ರ ಗೊತ್ತು. ಗೈಡ್ ಹತ್ತಿರ ಹೋಗಿ ಹೇಳೋಕೆ ಎರಡು ದಿನ ಬೇಕಾಯಿತು. ಅವರು ಬೈಯಲಿಲ್ಲ, ಕರಡಿನ ಆ ಪುಟಗಳನ್ನು ಕಿತ್ತು ನನ್ನ ಕೈಗೇ ಕೊಟ್ಟರು. ಹಾಲು ಬಿಟ್ಟು ಬೇರೆ ಪ್ರೊಟೀನು ಬಳಸಿ ಮಾಡಿದಾಗ ಅರ್ಧಕ್ಕರ್ಧ ಸ್ಯಾಂಪಲ್‌ಗಳಲ್ಲಿ ಬಣ್ಣವೇ ಇರಲಿಲ್ಲ. ಇಲ್ಲದ ಉರಿಯೂತವನ್ನು ಅವರ ಹೆಸರಿಗೆ ಬರೆದುಬಿಟ್ಟಿದ್ದೆ.

ಈ ಗುಣವೇ ತಿಳಿದವರ ಕೈಯಲ್ಲಿ ವರವೂ ಆಗುತ್ತೆ. ಐಐಎಸ್‌ಸಿಯಲ್ಲಿ ಪಿ.ಆರ್. ಅಡಿಗರು ಕೋಳಿಮೊಟ್ಟೆಯಲ್ಲಿ ರೈಬೊಫ್ಲೇವಿನ್ ವಿಟಮಿನ್ನನ್ನು ಹೊರುವ ಪ್ರೊಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅದರ ವಿರುದ್ಧದ ಆಂಟಿಬಾಡಿ ಹಿಡಿದುಕೊಂಡೇ ಅವರೂ ಅವರ ವಿದ್ಯಾರ್ಥಿಗಳೂ ಸಸ್ತನಿಗಳ ಗರ್ಭಾವಸ್ಥೆಯಲ್ಲಿ ಅಂಥದ್ದೇ ಪ್ರೊಟೀನು ಇರೋದನ್ನು ಕಂಡುಕೊಂಡರು. ಕೋಳಿಯದ್ದನ್ನು ಬಲ್ಲ ಆಂಟಿಬಾಡಿ ಬೇರೆ ಜೀವಿಯದ್ದನ್ನೂ ಹಿಡಿಯಿತು. ನನಗೂ ಅವರಿಗೂ ವ್ಯತ್ಯಾಸ ಇಷ್ಟೇ: ಹಿಡಿದದ್ದು ಯಾವುದನ್ನು ಅಂತ ಅವರು ವಿಚಾರಿಸಿಕೊಂಡಿದ್ದರು, ನಾನು ವಿಚಾರಿಸಿರಲಿಲ್ಲ.

ಇನ್ನೊಂದು ಮಾತು. ಹಸುವಿನ ಗಿಣ್ಣು ಅಷ್ಟು ಇಷ್ಟಪಡುತ್ತಿದ್ದ ಅಜ್ಜಿ, ನಾನು ಹುಟ್ಟಿದಾಗ ಅಮ್ಮನ ಮೊದಲ ಹಳದಿ ಹಾಲನ್ನು "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲಿಸಿದ್ದರಂತೆ. ಆಗ ತುಂಬಾ ಮನೆಗಳಲ್ಲಿ ಹಾಗೇ ಇತ್ತು. ಆ ಹಾಲಿನಲ್ಲಿ ಲೀಟರಿಗೆ 5 ಗ್ರಾಂನಷ್ಟು ಲ್ಯಾಕ್ಟೊಫೆರಿನ್ ಇರುತ್ತೆ. ಹಸುವಿನ ಮಾಮೂಲಿ ಹಾಲಿನಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಅಜ್ಜಿಯೂ ಬಣ್ಣ ನೋಡಿಯೇ ತೀರ್ಮಾನ ಮಾಡಿದ್ದು, ನಾನೂ ಬಣ್ಣ ನೋಡಿಯೇ. ನನಗೆ ನಾಲ್ಕು ಖಾಲಿ ಗುಳಿಗಳು ತಿದ್ದಿ ಹೇಳಿದವು, ಅವರಿಗೆ ಹೇಳೋರು ಯಾರೂ ಇರಲಿಲ್ಲ.