ಮುಂಡಗೋಡಿನ ಮಂತ್ರಪಠಣ, ಸಿಂಥಸೈಜರಿನ ಫಿಲ್ಟರ್

ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ ಲಾಮಾಗಳ ಪಠಣವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಮನೆಗೆ ಬಂದು ಕೇಳಿದರೆ, ಎದೆ ನಡುಗಿಸಿದ್ದ ಆ ತಗ್ಗು ದನಿಯೇ ಇಲ್ಲ! ಗದ್ದಲ ತೆಗೆಯೋ ನೆಪದಲ್ಲಿ ಫೋನೇ ಅದನ್ನು ಸೋಸಿ ಚೆಲ್ಲಿತ್ತು. ಫಿಲ್ಟರ್ ಅಂದರೆ ಏನು ಅಂತ ನಾನು ಹುಡುಕಲು ಶುರುಮಾಡಿದ್ದು ಆಮೇಲೆ.

ಟಿಬೆಟನ್ ತಾಂತ್ರಿಕ ಪಠಣದಲ್ಲಿ ಒಬ್ಬನೇ ಲಾಮಾ ಏಕಕಾಲಕ್ಕೆ ಎರಡು ಮೂರು ಸ್ವರ ಹಾಡಿದಂತೆ ಕೇಳುತ್ತದೆ. ಹ್ಯೂಸ್ಟನ್ ಸ್ಮಿತ್ ಮತ್ತು ಸಂಗಡಿಗರು 1967ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಗಂಟಲಲ್ಲಿ ಹುಟ್ಟುವ ದನಿಯೊಳಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಇರುತ್ತವೆ. ಬಾಯಿಯ ಆಕಾರ ಬದಲಿಸಿ ಅವುಗಳಲ್ಲಿ ಕೆಲವನ್ನು ಎತ್ತಿಹಿಡಿಯುತ್ತಾರೆ. ಗಂಟಲು ಆಸಿಲೇಟರ್, ಬಾಯಿ ಫಿಲ್ಟರ್.

ಮಾಡ್ಯುಲರ್ ಸಿಂಥಸೈಜರಿನಲ್ಲಿ ಇವೆರಡೂ ಬೇರೆ ಬೇರೆ ಪೆಟ್ಟಿಗೆ, ನಡುವೆ ಕೇಬಲ್. (ಅಹಮದಾಬಾದಿನ ಎನ್‌ಐಡಿಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು.) ಅತಿ ಸರಳ ಫಿಲ್ಟರಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಕು. 10 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 159 ಹರ್ಟ್ಸ್‌ನಿಂದ ಮೇಲಿನದು ಕ್ರಮೇಣ ತಗ್ಗುತ್ತದೆ, ಒಂದು ಆಕ್ಟೇವಿಗೆ 6 ಡೆಸಿಬೆಲ್. ಇದು ತೀರಾ ಸಪ್ಪೆ. ರಾಬರ್ಟ್ ಮೂಗ್ ಅಂಥ ನಾಲ್ಕು ಹಂತಗಳನ್ನು ಟ್ರಾನ್ಸಿಸ್ಟರ್‌ಗಳ ಏಣಿಯಾಗಿ ಜೋಡಿಸಿದ. ಇಳಿಜಾರು 24 ಡೆಸಿಬೆಲ್ ಆಯಿತು. ಏಣಿಯಲ್ಲಿ ಹರಿಯುವ ಕರೆಂಟ್ ಬದಲಿಸಿದರೆ ಫಿಲ್ಟರ್ ಕತ್ತರಿಸುವ ಜಾಗವೂ ಸರಿಯುತ್ತದೆ, ಬಾಯಿ ತೆರೆದು ಮುಚ್ಚಿದ ಹಾಗೆ. 1969ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು.

ನಿಜವಾದ ಮಜಾ ಇರೋದು ರೆಸೊನೆನ್ಸ್‌ನಲ್ಲಿ. ಔಟ್‌ಪುಟ್ಟಿನ ಒಂದು ಪಾಲನ್ನು ತಿರುಗಿಸಿ ಇನ್‌ಪುಟ್ಟಿಗೆ ಕೊಟ್ಟರೆ ಆ ಕತ್ತರಿಸುವ ಜಾಗದ ಸ್ವರವೇ ಎದ್ದು ನಿಲ್ಲುತ್ತದೆ. ಅಲ್ಲಿ ನಾಲ್ಕು ಹಂತ ದಾಟುವಾಗ ಸಿಗ್ನಲ್ ಕಾಲು ಭಾಗವಾಗಿರುತ್ತದೆ, 180 ಡಿಗ್ರಿ ತಿರುಗಿರುತ್ತದೆ. ಹಾಗಾಗಿ ನಾಲ್ಕು ಪಟ್ಟು ಹಿಗ್ಗಿಸಿ ತಲೆಕೆಳಗಾಗಿ ವಾಪಸ್ ಕೊಟ್ಟರೆ ಫಿಲ್ಟರ್ ತಾನೇ ಹಾಡತೊಡಗುತ್ತದೆ. ಆದರೆ ಅಷ್ಟರಲ್ಲಿ ತಗ್ಗು ಸ್ವರಗಳು ಐದರಲ್ಲೊಂದು ಪಾಲಿಗೆ, ಅಂದರೆ ಸುಮಾರು 14 ಡೆಸಿಬೆಲ್ ಇಳಿದಿರುತ್ತವೆ. ಇದನ್ನು ಸರಿದೂಗಿಸಲು ಕೆಲವು ವಿನ್ಯಾಸಗಳಲ್ಲಿ ರೆಸೊನೆನ್ಸ್ ಏರಿದಂತೆ ಇನ್‌ಪುಟ್ಟನ್ನೂ ಏರಿಸುತ್ತಾರೆ. ನನ್ನ ಕೇಳಿದರೆ, ಆ ಬಡಕಲು ದನಿಗಿಂತ ಇದೇ ವಾಸಿ.

ಸಿಂಥಸೈಜರಿನಲ್ಲಿ ಗುಂಡಿ ಹಿಂದಕ್ಕೆ ತಿರುಗಿಸಿದರೆ ಕಳೆದದ್ದು ವಾಪಸ್ ಬರುತ್ತದೆ. ರೆಕಾರ್ಡಿಂಗಿನಲ್ಲಿ ಹೋದದ್ದು ಹೋಯಿತು. ಹಳಿಯಾಳ, ಜೋಯಿಡಾ ಕಡೆ ಸಿದ್ದಿಗಳ ಡಮಾಮಿಯನ್ನು ಫೋನಿನಲ್ಲಿ ಹಿಡಿಯುವವರು ಮೊದಲು ಲೋ ಕಟ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿಕೊಳ್ಳಿ. ಗಾಳಿ ಸದ್ದು ಬಂದರೆ ಬರಲಿ, ಅದನ್ನು ಆಮೇಲೆ ಸೋಸಬಹುದು.