ಕಳ್ಳನಿಗೆ ಹಾಕಿದ ಬೀಗ

1978ರ ಮೇ 3. ಅಮೆರಿಕದ ಡಿಇಸಿ ಕಂಪನಿಯ ಗ್ಯಾರಿ ಥರ್ಕ್, ಆರ್ಪಾನೆಟ್ ಬಳಸುತ್ತಿದ್ದ ಸುಮಾರು 400 ಜನರಿಗೆ ಒಂದೇ ಜಾಹೀರಾತು ಇಮೇಲ್ ಕಳಿಸಿದರು. ಮೊದಲ ಸ್ಪ್ಯಾಮ್ ಅಂತ ಅದನ್ನೇ ಹೇಳ್ತಾರೆ. ವಿಳಾಸಗಳು ಸಿಕ್ಕಿದ್ದೆಲ್ಲಿ ಗೊತ್ತಾ? ಅಚ್ಚಾದ ಡೈರೆಕ್ಟರಿಯಲ್ಲಿ! ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಬೇಕಿತ್ತು.

ವೆಬ್ ಬಂದ ಮೇಲೆ ವಿಳಾಸ ಹೆಕ್ಕುವ ಕೆಲಸ ತಂತ್ರಾಂಶದ ಪಾಲಾಯಿತು. 1971ರಲ್ಲಿ ರೇ ಟಾಮ್ಲಿನ್ಸನ್ ಆರಿಸಿದ ಆ್ಯಟ್ ಚಿಹ್ನೆಯೇ ಅದಕ್ಕೆ ಸುಳಿವು. ಅದಕ್ಕೇ ಜನ ಚಿಹ್ನೆ ಬಿಟ್ಟು, ‘ಆ್ಯಟ್’, ‘ಡಾಟ್’ ಅಂತ ಅಕ್ಷರದಲ್ಲೇ ಬರೆಯತೊಡಗಿದರು.

ನಾನೂ ಹಾಗೇ ಬರೆದಿದ್ದೆ. ಹಿರಿಯರೊಬ್ಬರು ಕಚೇರಿಗೆ ಫೋನ್ ಮಾಡಿ, “ನೀವು ಬರೆದಂಗೇ ಟೈಪ್ ಮಾಡಿದೆ ಕಣಪ್ಪಾ, ಹೋಗ್ತಾನೇ ಇಲ್ಲ” ಅಂದ್ರು.

ಕಳ್ಳನಿಗೆ ಹಾಕಿದ ಬೀಗ ನೆಂಟರನ್ನೂ ಹೊರಗೇ ನಿಲ್ಲಿಸಿತ್ತು. ಈಗ ಸ್ಪ್ಯಾಮ್ ತಡೆಯೋದನ್ನ ಫಿಲ್ಟರ್‌ಗೆ ಬಿಟ್ಟಿದ್ದೀನಿ; ವಿಳಾಸ ಪೂರ್ತಿ ಬರೀತೀನಿ.